ಸಹಾಯ ಬೇಕು: ಅನುದಾನ ಬರುವವರೆಗೆ ಸಂಬಳ ತೂಗಿಸುವುದು ಹೇಗೆ?

ಗುಂಪಿನ ಹಿರಿಯರಿಗೆ ನಮಸ್ಕಾರ. ನಾನು ಸರ್ಕಾರಿ ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗದಲ್ಲಿದ್ದೇನೆ. ಅನುದಾನದ ಎರಡು ಕಂತುಗಳು ಇನ್ನೂ ಬಂದಿಲ್ಲ. ಸಂಬಳ, ಪಿಂಚಣಿಯನ್ನು ಈವರೆಗೆ ಪರೀಕ್ಷಾ ಶುಲ್ಕದ ಖಾತೆಯಿಂದ ತೂಗಿಸಿದೆವು. ಈಗ ಅದೂ ತಳ ಕಂಡಿದೆ. ಮೌಲ್ಯಮಾಪಕರ ಬಿಲ್ಲುಗಳು ನನ್ನ ಮೇಜಿನ ಮೇಲೆ ಮೊಣಕೈ ಊರಲೂ ಜಾಗ ಬಿಟ್ಟಿಲ್ಲ. ಹಿಂದಿನ ಕಂತಿನ ಹಣಬಳಕೆ ಪ್ರಮಾಣಪತ್ರ ಕಳುಹಿಸಿದ್ದೇವೆ (ಸ್ವೀಕೃತಿಯ ಮೊಹರು ಬಿದ್ದಿದೆ, ಹಣವೊಂದೇ ಬಂದಿಲ್ಲ).

ನಿಶ್ಚಿತ ಠೇವಣಿ ಮುರಿಯೋಣ ಎನ್ನುತ್ತಾರೆ ಕೆಲವರು. ಅವಧಿಗೆ ಮುನ್ನ ಮುರಿದರೆ ಬಡ್ಡಿಯ ಒಂದು ಪಾಲು ಕೈತಪ್ಪುತ್ತದೆ, ನನಗೆ ಮನಸ್ಸಿಲ್ಲ. ಅದರ ಬದಲು ಠೇವಣಿಯ ಮೇಲೆ ಓವರ್‌ಡ್ರಾಫ್ಟ್ (ಠೇವಣಿ ಒತ್ತೆಯಿಟ್ಟು ಬ್ಯಾಂಕಿನಿಂದ ತಾತ್ಕಾಲಿಕ ಸಾಲ) ಪಡೆದು, ಕಂತು ಬಂದಾಗ ತೀರಿಸಿದ ಅನುಭವ ಯಾರಿಗಾದರೂ ಇದೆಯೇ? ಆಡಳಿತ ಮಂಡಳಿಯ ಒಪ್ಪಿಗೆ ಸಾಕೇ, ಸರ್ಕಾರದ ಅನುಮತಿಯೂ ಬೇಕೇ? ಟಿಪ್ಪಣಿಯ ಮಾದರಿ ಇದ್ದರೆ ದಯವಿಟ್ಟು ಹಾಕಿ. ಸೋಮವಾರ ಕಡತ ಮಂಡಿಸಬೇಕು.