ಮಳೆಗಾಲದಲ್ಲಿ ಬೆಡ್‌ಶೀಟ್ ಎಷ್ಟು ಒಗೆದರೂ ನಾಯಿ ಕೂದಲು ಹೋಗ್ತಿಲ್ಲ, ಈಗ ಮಷೀನೂ ನೀರು ಬಿಡ್ತಿಲ್ಲ

ಸೋಮವಾರಪೇಟೆ_ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 4 ವರ್ಷದ ಹಳದಿ ಲ್ಯಾಬ್ರಡಾರ್ ಇದ್ದಾನೆ. ಬೇಸಿಗೆಯಲ್ಲಿ ಜಗಲಿಯಲ್ಲೇ ಮಲಗುತ್ತಾನೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪೂರ್ತಿ ಒಳಗೇ. ರಾತ್ರಿ ಮಕ್ಕಳ ಮಂಚ ಹತ್ತಿಬಿಡುತ್ತಾನೆ, ಇಳಿಸೋಕೆ ನಮಗೂ ಮನಸ್ಸು ಬರುವುದಿಲ್ಲ.

ಬೆಡ್‌ಶೀಟ್, ದಿಂಬಿನ ಕವರ್, ಬ್ಲಾಂಕೆಟ್ ಎಲ್ಲದರಲ್ಲೂ ಕೂದಲು. ಎರಡೆರಡು ಸಲ ಒಗೆದೆ. ಪೌಡರ್ ಜಾಸ್ತಿ ಹಾಕಿದೆ, ಸಾಫ್ಟ್‌ನರ್ ಕೂಡ ಜಾಸ್ತಿ ಸುರಿದೆ. ಕೂದಲು ಹೋಗುವುದಿರಲಿ, ಜೊತೆಗೆ ಹಾಕಿದ್ದ ಮಗಳ ನೀಲಿ ಯೂನಿಫಾರ್ಮ್‌ಗೂ ಹತ್ತಿಕೊಂಡು ಬಂತು. ಬೆಳಿಗ್ಗೆ ಸ್ಕೂಲ್ ಬಸ್ ಬರುವ ಹೊತ್ತಿಗೆ ಅವಳ ಬೆನ್ನಿನ ಮೇಲಿನ ಕೂದಲು ಒಂದೊಂದಾಗಿ ಕೀಳುತ್ತಾ ನಿಂತಿದ್ದೆ.

ಈಗ ಎರಡು ದಿನದಿಂದ ಇನ್ನೊಂದು ತೊಂದರೆ. ಮಷೀನು ಫ್ರಂಟ್ ಲೋಡ್. ಒಗೆದು ಮುಗಿದ ಮೇಲೂ ನೀರು ಡ್ರಮ್‌ನಲ್ಲೇ ನಿಂತಿರುತ್ತದೆ, ಸ್ಪಿನ್ ಆಗುವುದಿಲ್ಲ. ರಿಪೇರಿಯವರು ಬರೋಕೆ ಒಂದು ವಾರ ಆಗುತ್ತದಂತೆ. ಚಿಕ್ಕವನಿಗೆ ಬೆಳಿಗ್ಗೆ ಸೀನು ಬೇರೆ. ದಯವಿಟ್ಟು ಏನಾದರೂ ದಾರಿ ಹೇಳಿ.

ಸಿದ್ದಾಪುರ_ತೋಟ

ಅಕ್ಕ, ಕೂದಲನ್ನು ನೀರಿಗೆ ಹಾಕುವ ಮೊದಲೇ ತೆಗೆಯಬೇಕು. ಇದೊಂದು ಮಾಡಿ, ಮುಕ್ಕಾಲು ತೊಂದರೆ ಹೋಗುತ್ತದೆ. ನಮ್ಮ ಮನೆಯಲ್ಲಿ ಮೂರು ನಾಯಿ ಇವೆ, ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಇದನ್ನೇ.

ಲ್ಯಾಬ್ ಕೂದಲು ಗಿಡ್ಡ, ನೆಟ್ಟಗೆ, ಸ್ವಲ್ಪ ಗಡುಸು. ಬಟ್ಟೆಯ ನೇಯ್ಗೆಗೆ ಸೂಜಿ ಚುಚ್ಚಿದ ಹಾಗೆ ಇಳಿಯುತ್ತದೆ. ಒಣಗಿದ್ದಾಗ ಒರೆಸಿದರೆ ಮೇಲೆ ಬರುತ್ತದೆ. ಒದ್ದೆಯಾದರೆ ಬಟ್ಟೆಗೇ ಅಂಟಿಕೊಳ್ಳುತ್ತದೆ. ಮಷೀನ್ ಅದನ್ನು ತಿರುಗಿಸಿ ತಿರುಗಿಸಿ ಇನ್ನೂ ಒಳಗೆ ತಳ್ಳುತ್ತದೆ, ಇಲ್ಲಾ ಪಕ್ಕದ ಬಟ್ಟೆಗೆ ಅಂಟಿಸುತ್ತದೆ. ಯೂನಿಫಾರ್ಮ್‌ಗೆ ಆದದ್ದು ಅದೇ.

ಮಳೆಗಾಲದಲ್ಲಿ ನಮ್ಮ ಕಡೆ ಒಗೆಯದ ಬೆಡ್‌ಶೀಟ್ ಕೂಡ ತೇವ ಎಳೆದುಕೊಂಡಿರುತ್ತದೆ, ಅಲ್ವಾ? ಹಾಗಾಗಿ ಮೊದಲು ಒಲೆ ಇರುವ ಕೋಣೆಯಲ್ಲಿ ಒಂದು ಗಂಟೆ ಹಗ್ಗದ ಮೇಲೆ ಹರಡಿ. ಬೆಂಕಿಯಿಂದ ದೂರ ಇರಲಿ, ಬರೀ ಬೆಚ್ಚಗಾದರೆ ಸಾಕು. ಆಮೇಲೆ ಜಗಲಿಗೆ ತಂದು ಇಬ್ಬರು ಎರಡು ಕಡೆ ಹಿಡಿದು ಜೋರಾಗಿ ಕೊಡವಿ.

ಕೊಡವಿದ ಮೇಲೆ ಮಂಚದ ಮೇಲೆ ಬಿಗಿಯಾಗಿ ಹಾಸಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದೇ ದಿಕ್ಕಿಗೆ ಎಳೆಯುತ್ತಾ ಹೋಗಿ. ಹಿಂದೆ ಮುಂದೆ ಉಜ್ಜಬೇಡಿ. ದೀಪದ ಬತ್ತಿ ಹೊಸೆದ ಹಾಗೆ ಕೂದಲು ಸುರುಳಿ ಸುರುಳಿಯಾಗಿ ಅಂಚಿಗೆ ಬಂದು ನಿಲ್ಲುತ್ತದೆ, ಎತ್ತಿ ಬುಟ್ಟಿಗೆ ಹಾಕಿ. ಗ್ಲೌಸ್ ಹಿಡಿತ ಕೊಡದಿದ್ದರೆ ಅಂಗೈಯನ್ನು ಒದ್ದೆ ಬಟ್ಟೆಗೆ ಒಮ್ಮೆ ಒತ್ತಿ, ಅಷ್ಟು ಪಸೆ ಸಾಕು. ಗ್ಲೌಸ್ ಇಲ್ಲದಿದ್ದರೆ ಹಳೇ ಸೈಕಲ್ ಟ್ಯೂಬ್ ಸೀಳಿ ತೊಳೆದು, ಮರದ ತುಂಡಿಗೆ ಸುತ್ತಿಕೊಳ್ಳಿ. ದಪ್ಪ ಬ್ಲಾಂಕೆಟ್‌ಗೆ ನನಗೆ ಅದೇ ಇಷ್ಟ.

ಒಂದು ಮಾತು ಮರೆಯಬೇಡಿ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯುವಾಗ ಹಾಕಿಕೊಂಡ ಗ್ಲೌಸ್ ಇದಕ್ಕೆ ಬೇಡವೇ ಬೇಡ. ಎಷ್ಟು ತೊಳೆದಿದ್ದರೂ ಬೇಡ. ಮಕ್ಕಳು ಮಲಗುವ ಬಟ್ಟೆ.

ಕುಶಾಲನಗರ_ರಿಪೇರಿ

ನೀರು ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ನೀರು ಹೊರಹಾಕುವ ಡ್ರೈನ್ ಪಂಪಿನ ಕಸ ಕಟ್ಟಿದ ಫಿಲ್ಟರ್. ನಾಯಿ ಬೆಕ್ಕು ಇರುವ ಮನೆಯಿಂದ ಫೋನ್ ಬಂದರೆ ನಾನು ಮೊದಲು ನೋಡುವುದೂ ಅದನ್ನೇ. ಇದನ್ನು ನೀವೇ ಮಾಡಬಹುದು ಮೇಡಂ, ನಿಧಾನವಾಗಿ ಮಾಡಿ.

ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಕ್ಕಕ್ಕಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಬಿಸಿ ನೀರಿನಲ್ಲಿ ಒಗೆದಿದ್ದರೆ ಪೂರ್ತಿ ಆರಲಿ. ಮಷೀನ್ ಮುಂಭಾಗದಲ್ಲಿ ಕೆಳಗೆ ಒಂದು ಮೂಲೆಯಲ್ಲಿ ಚಿಕ್ಕ ಮುಚ್ಚಳ ಇರುತ್ತದೆ. ಅದರ ಒಳಗೆ ದುಂಡನೆಯ ತಿರುಪು ಮುಚ್ಚಳ, ಅದೇ ಫಿಲ್ಟರ್. ಕೆಲವು ಮಷೀನ್‌ಗಳಲ್ಲಿ ಪಕ್ಕದಲ್ಲೇ ಬೆರಳು ಗಾತ್ರದ ಸಣ್ಣ ಪೈಪ್ ಇರುತ್ತದೆ. ಅದರ ಬಿರಡೆ ತೆಗೆದು ಮೊದಲು ನೀರು ಇಳಿಸಿ. ಪೈಪ್ ಇಲ್ಲದಿದ್ದರೆ ಅಗಲವಾದ ತಟ್ಟೆ ಇಟ್ಟು ಫಿಲ್ಟರನ್ನು ಎಡಕ್ಕೆ ಸ್ವಲ್ಪವೇ ತಿರುಗಿಸಿ. ನೀರು ಬಂದ ಹಾಗೆ ಬಿಗಿ ಮಾಡಿ, ತಟ್ಟೆ ಖಾಲಿ ಮಾಡಿ, ಮತ್ತೆ ಸಡಿಲಿಸಿ. ಡ್ರಮ್ ತುಂಬ ನೀರಿದ್ದರೆ ಹತ್ತಿಪ್ಪತ್ತು ಸಲ ಆಗಬಹುದು.

ಫಿಲ್ಟರ್ ಹೊರಗೆ ಬಂದ ಮೇಲೆ ಕಸ ತೆಗೆದು ತೊಳೆಯಿರಿ. ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಪಂಪಿನ ಸಣ್ಣ ರೆಕ್ಕೆ ಕಾಣುತ್ತದೆ. ಅದಕ್ಕೆ ಕೂದಲು ಸುತ್ತಿಕೊಂಡಿದ್ದರೆ ಬಿಡಿಸಿ, ಕಡ್ಡಿಯಿಂದ ತಿರುಗುತ್ತದಾ ನೋಡಿ. ಫಿಲ್ಟರ್ ವಾಪಸ್ ಹಾಕುವಾಗ ಗಟ್ಟಿಯಾಗಿ ಬಿಗಿಯಬೇಕು, ಇಲ್ಲದಿದ್ದರೆ ನೆಲ ಪೂರ್ತಿ ನೀರು. ಬಾಗಿಲಿನ ರಬ್ಬರ್ ಮಡಿಕೆಯ ಒಳಗೂ ಬೆರಳು ಹಾಕಿ ಒರೆಸಿ. ಅಲ್ಲಿ ಕೂತ ಕೂದಲೇ ಮುಂದಿನ ಸಲ ಶರ್ಟಿಗೆ ಬರುವುದು.

ಟಾಪ್ ಲೋಡ್ ಇರುವವರು ಡ್ರಮ್ ಗೋಡೆಯ ಬಲೆ ಚೀಲವನ್ನು ಪ್ರತಿ ಸಲ ಖಾಲಿ ಮಾಡಿ. ನಿಮ್ಮಂಥ ಮನೆಗೆ ಫ್ರಂಟ್ ಲೋಡ್ ಫಿಲ್ಟರ್ 15 ದಿನಕ್ಕೊಮ್ಮೆ ತೆಗೆದರೆ ಒಳ್ಳೆಯದು.

ಸೋಮವಾರಪೇಟೆ_ಮನೆ

ಅಣ್ಣ, ತೆಗೆದೆ! ಕೈ ನಡುಗುತ್ತಿತ್ತು, ಆದರೂ ತೆಗೆದೆ. ತಟ್ಟೆಯಲ್ಲಿ 14 ಸಲ ನೀರು ಹೊತ್ತು ಹಾಕಿದೆ. ಫಿಲ್ಟರ್ ಜೊತೆ ಬೂದು ಬಣ್ಣದ ಒಂದು ಉಂಡೆ ಬಂತು, ಒದ್ದೆ ಕಂಬಳಿ ತುಂಡಿನ ಹಾಗೆ. ಬಿಡಿಸಿ ನೋಡಿದರೆ ಎಲ್ಲಾ ನಮ್ಮ ನಾಯಿಯ ಕೂದಲು. ಅದರ ನಡುವೆ ಮಗಳ ಒಂದು ಹೇರ್‌ಪಿನ್, ಎರಡು ರೂಪಾಯಿ ನಾಣ್ಯ. ಈಗ ನೀರು ಸರಾಗವಾಗಿ ಹೋಗುತ್ತಿದೆ. ಒಂದು ವಾರ ಕಾಯುವುದು ತಪ್ಪಿತು, ತುಂಬಾ ಥ್ಯಾಂಕ್ಸ್.

ಗ್ಲೌಸ್‌ನಿಂದ ಬೆಡ್‌ಶೀಟ್ ಚೆನ್ನಾಗಿ ಬಂತು. ಮೆತ್ತನೆಯ ಬ್ಲಾಂಕೆಟ್ ಮಾತ್ರ ಬಗ್ಗುತ್ತಿಲ್ಲ. ವಿನೆಗರ್ ಹಾಕಿ ಅಂತ ಒಬ್ಬರು ಹೇಳಿದರು. ಮನೆಯಲ್ಲಿ ಅಡುಗೆಗೆ ಹಾಕುವ ಕಾಚಂಪುಳಿ ಇದೆ, ಅದೂ ಹುಳಿಯೇ ತಾನೆ, ಆಗುತ್ತದಾ?

ವಿರಾಜಪೇಟೆ_ಹೋಂಸ್ಟೇ

ಅಯ್ಯೋ ಕಾಚಂಪುಳಿ ಬೇಡ! ಅದು ಕಪ್ಪಗೆ, ಗಟ್ಟಿಯಾಗಿ ಕಾಯಿಸಿದ್ದು. ಬಟ್ಟೆಗೆ ಕಲೆ ಹಿಡಿದರೆ ಬಿಡಿಸುವುದು ಬಹಳ ಕಷ್ಟ. ಅದು ಪಂದಿ ಕರಿಗೇ (ಹಂದಿ ಮಾಂಸದ ಸಾರಿಗೇ) ಇರಲಿ. ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ತನ್ನಿ. ಅರ್ಧ ಲೋಟ, ಅಂದರೆ ಸುಮಾರು 100 ಎಂ.ಎಲ್, ಸಾಫ್ಟ್‌ನರ್ ಹಾಕುವ ಜಾಗಕ್ಕೆ ಹಾಕಿ. ಕೊನೆಯ ಜಾಲಾಟಕ್ಕೆ ಹೋಗುತ್ತದೆ, ಸೋಪಿನ ಅಂಟು ಬಿಡುತ್ತದೆ. ಪ್ರತಿ ಸಲ ಬೇಡ, ಮಷೀನಿನ ರಬ್ಬರಿಗೆ ಒಳ್ಳೆಯದಲ್ಲ. ಬ್ಲೀಚ್ ಹಾಕಿದ ದಿನ ವಿನೆಗರ್ ಮುಟ್ಟಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಅದು ವಿಷ.

ಪೌಡರ್, ಸಾಫ್ಟ್‌ನರ್ ಎರಡೂ ಕಡಿಮೆ ಮಾಡಿ. ಮಳೆಯ, ತೊರೆಯ ನೀರು ಮೆದು, ನೊರೆ ಸುಮ್ನೆ ಏಳುತ್ತದೆ, ಜಾಲಿಸಿದರೂ ಹೋಗುವುದಿಲ್ಲ. ಸಾಫ್ಟ್‌ನರ್ ಜಾಸ್ತಿಯಾದರೆ ಬಟ್ಟೆಯ ಮೇಲೆ ಪಸೆ ಉಳಿಯುತ್ತದೆ. ಡ್ರಮ್ ತುಂಬ ತುರುಕಬೇಡಿ. ಬ್ಲಾಂಕೆಟ್ ಒಂದನ್ನೇ ಹಾಕಿ, ಜಾಲಾಟ ಒಂದು ಸಲ ಜಾಸ್ತಿ ಇಡಿ. ಒಗೆದ ಮೇಲೂ ಕೂದಲು ಕಂಡರೆ ಒದ್ದೆಯಲ್ಲಿ ಕೀಳಬೇಡಿ. ಪೂರ್ತಿ ಒಣಗಿಸಿ ಆಮೇಲೆ ಗ್ಲೌಸ್ ಹಾಕಿ. ಡ್ರೈಯರ್ ಇರುವವರಿಗೆ ಇದು ಸುಲಭ. ಒಗೆಯುವ ಮೊದಲೇ 10 ನಿಮಿಷ ಕಡಿಮೆ ಬಿಸಿಯಲ್ಲಿ ತಿರುಗಿಸಿದರೆ ಕೂದಲು ಉದುರಿ ಅದರ ಜಾಲರಿಯಲ್ಲಿ ಕೂರುತ್ತದೆ. ಜಾಲರಿ ಪ್ರತಿ ಸಲ ತೆಗೆದು ಸ್ವಚ್ಛ ಮಾಡಬೇಕು, ಇಲ್ಲದಿದ್ದರೆ ಬೆಂಕಿ ಹಿಡಿಯುವ ಭಯ.

ನಮ್ಮಲ್ಲಿ ಬರುವ ಅತಿಥಿಗಳು ನಾಯಿ ಕರೆದುಕೊಂಡೇ ಬರುತ್ತಾರೆ. ಅದಕ್ಕೇ ಮೆತ್ತನೆಯ ಬ್ಲಾಂಕೆಟ್ ಆ ಕೋಣೆಗಳಿಂದ ತೆಗೆದುಬಿಟ್ಟೆ. ಒತ್ತು ನೇಯ್ಗೆಯ ಕಾಟನ್ ಬೆಡ್‌ಶೀಟೇ ಒಳ್ಳೆಯದು. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಬೆಳಕು ಚುಕ್ಕೆ ಚುಕ್ಕೆಯಾಗಿ ಕಂಡರೆ ಆ ತೂತಿಗೇ ಕೂದಲು ಇಳಿಯುವುದು. ಮಕ್ಕಳ ಮಂಚದ ಮೇಲೆ ಒಂದು ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿ, ನಾಯಿಗೆ ಅದೇ ಜಾಗ ಅಂತ ಅಭ್ಯಾಸ ಮಾಡಿಸಿ. ದಿನಾ ಅದೊಂದನ್ನು ಕೊಡವಿದರೆ ಸಾಕು.

ಸೀನು ಬರೀ ಕೂದಲಿನಿಂದ ಅಲ್ಲ. ನಾಯಿಯ ಚರ್ಮದ ಹೊಟ್ಟು, ಜೊಲ್ಲು ಕೂಡ ಅಲರ್ಜಿ ತರುತ್ತವೆ. ಮಳೆಗಾಲದ ಬೂಷ್ಟು ಬೇರೆ. ಲೇಬಲ್ ಒಪ್ಪಿದರೆ ಬೆಡ್‌ಶೀಟನ್ನು 60 ಡಿಗ್ರಿಯಲ್ಲಿ ಒಗೆಯಿರಿ, ಧೂಳಿನ ನುಸಿಯೂ ಸಾಯುತ್ತದೆ. ಸೀನು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಚಿಕ್ಕವನ ಮಂಚಕ್ಕೆ ನಾಯಿ ಹತ್ತದಿರಲಿ.

ಸಿದ್ದಾಪುರ_ತೋಟ

ಇನ್ನೊಂದು ಸೇರಿಸುತ್ತೇನೆ. ದಿನಾ ಸಂಜೆ 10 ನಿಮಿಷ ಜಗಲಿಯಲ್ಲೇ ನಾಯಿಗೆ ಬ್ರಷ್ ಮಾಡಿ. ಲ್ಯಾಬ್‌ಗೆ ಎರಡು ಪದರ ಕೂದಲು, ಒಳಗಿನ ಮೆತ್ತನೆಯ ಪದರವೇ ಜಾಸ್ತಿ ಉದುರುವುದು. ಹಾಗಂತ ಬೋಳಿಸಬೇಡಿ, ಆ ಪದರ ಅದರ ಮೈಗೆ ಬೇಕು. ಬ್ರಷ್ ಮಾಡುವಾಗಲೇ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿಬಿಡಿ. ಎಲ್ಲಾದರೂ ತೇಪೆ ತೇಪೆಯಾಗಿ ಕೂದಲು ಹೋಗಿ ಚರ್ಮ ಕೆಂಪಗಿದ್ದರೆ ಅದು ಮಾಮೂಲಿ ಉದುರುವಿಕೆ ಅಲ್ಲ, ಪಶು ವೈದ್ಯರಿಗೆ ತೋರಿಸಿ.

ಸೋಮವಾರಪೇಟೆ_ಮನೆ

9 ದಿನ ಆಯಿತು, ಹೇಗಿದೆ ಅಂತ ಹೇಳೋಣ ಅಂತ ಬಂದೆ. ಬ್ಲಾಂಕೆಟ್ ಒಲೆ ಕೋಣೆಯಲ್ಲಿ ಒಣಗೋಕೆ ಎರಡು ದಿನ ಹಿಡಿಯಿತು. ಆಮೇಲೆ ಟ್ಯೂಬ್ ಸುತ್ತಿದ ಮರದ ತುಂಡಿನಲ್ಲಿ ಎಳೆದೆ. ಒಂದು ಹಿಡಿ ಕೂದಲು ಬಂತು, ಇನ್ನೂ ಸ್ವಲ್ಪ ಇದೆ. ಆ ಬ್ಲಾಂಕೆಟನ್ನು ಈಗ ನಾಯಿಗೇ ಕೊಟ್ಟಿದ್ದೇವೆ. ಬೆಡ್‌ಶೀಟ್‌ಗಳು ಚೊಕ್ಕಟವಾಗಿವೆ. ಯೂನಿಫಾರ್ಮ್ ಬೇರೆಯೇ ಒಗೆಯುತ್ತೇನೆ. ಚಿಕ್ಕವನ ಸೀನು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ, ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ನಾಯಿ ಸೀರೆಯ ಮೇಲೆ ಮಲಗೋಕೆ ಮೂರೇ ದಿನದಲ್ಲಿ ಕಲಿತ. ನಮ್ಮ ಅತ್ತೆಯ ಹಳೇ ಇಳಕಲ್ ಸೀರೆ ಅದು, ಅವರೇ ತಂದು ಹಾಸಿದರು.