ಕ್ಲೌಡ್ ಮಷೀನ್‌ಗಳನ್ನು ಡೈರೆಕ್ಟರಿಗಳಂತೆ ಮೌಂಟ್ ಮಾಡಿ ನಿರ್ವಹಿಸಬಹುದೇ?

ಪ್ರಶ್ನೆ (ಉಡುಪಿ)

ನಮಸ್ಕಾರ. ಉಡುಪಿಯ ಸಣ್ಣ ಕಚೇರಿಯೊಂದರಲ್ಲಿ ನಾನೊಬ್ಬನೇ ಕ್ಲೌಡ್‌ನಲ್ಲಿರುವ ಹದಿನಾಲ್ಕು ವರ್ಚುವಲ್ ಮಷೀನ್‌ಗಳನ್ನು (ದೂರದ ಸರ್ವರ್‌ಗಳಲ್ಲಿ ತಂತ್ರಾಂಶ ರೂಪಿಸುವ ಕಂಪ್ಯೂಟರ್‌ಗಳನ್ನು) ನೋಡಿಕೊಳ್ಳುತ್ತೇನೆ; ಮಲ್ಪೆಯ ಮೀನು ವ್ಯಾಪಾರಿಗಳ ಬಿಲ್ಲಿಂಗ್ ತಂತ್ರಾಂಶ ನಡೆಯುವುದು ಅವುಗಳ ಮೇಲೆಯೇ. ಪ್ರತಿ ಸಲವೂ ವೆಬ್ ಕನ್ಸೋಲ್ ತೆರೆದು ಕ್ಲಿಕ್ ಮಾಡಿ ಬೇಸತ್ತು, ಫ್ಯೂಸ್ (ಸಾಮಾನ್ಯ ಪ್ರೋಗ್ರಾಮಿನಿಂದಲೇ ಫೈಲ್ ಸಿಸ್ಟಮ್ ಒದಗಿಸಲು ಲಿನಕ್ಸ್‌ನಲ್ಲಿರುವ ಸೌಲಭ್ಯ) ಬಳಸಿ ಪೈಥಾನ್‌ನಲ್ಲಿ ಚಿಕ್ಕದೊಂದು ಫೈಲ್ ಸಿಸ್ಟಮ್ ಬರೆದಿದ್ದೇನೆ. ಅದನ್ನು ಮೌಂಟ್ ಮಾಡಿದರೆ, ಅಂದರೆ ಕಂಪ್ಯೂಟರಿನ ಡೈರೆಕ್ಟರಿಗಳೊಳಗೆ ಜೋಡಿಸಿದರೆ, ಪ್ರತಿ ಮಷೀನ್ ಒಂದು ಡೈರೆಕ್ಟರಿಯಾಗಿ ಕಾಣುತ್ತದೆ. ಒಳಗಿರುವ 'ಸ್ಥಿತಿ' ಎಂಬ ಫೈಲನ್ನು ಕ್ಯಾಟ್ ಆದೇಶದಿಂದ ಓದಿದರೆ ಮಷೀನ್ ಓಡುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ, ಅದಕ್ಕೆ 'ಸ್ಟಾಪ್' ಎಂದು ಬರೆದರೆ ನಿಲ್ಲುತ್ತದೆ. ಡೈರೆಕ್ಟರಿ ಮಾಡುವ ಎಂಕೆಡಿಐಆರ್ ಆದೇಶ ಕೊಟ್ಟರೆ ಹೊಸ ಮಷೀನ್ ಹುಟ್ಟುತ್ತದೆ, ಡೈರೆಕ್ಟರಿ ಅಳಿಸುವ ಆರ್‌ಎಂಡಿಐಆರ್ ಕೊಟ್ಟರೆ ಅಳಿಯುತ್ತದೆ.

ಆದರೆ ಕಳೆದ ವಾರ ಮಳೆಗೆ ಇಂಟರ್ನೆಟ್ ಕೈಕೊಟ್ಟಾಗ, ಡೈರೆಕ್ಟರಿಯ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟ ಟರ್ಮಿನಲ್ ಹಾಗೆಯೇ ಸ್ತಬ್ಧವಾಯಿತು. ಸಂಪರ್ಕ ಸರಿಯಿದ್ದಾಗಲೂ ಕೆಲವೊಮ್ಮೆ ಎಪಿಐ ಕರೆಗಳ (ಪ್ರೋಗ್ರಾಮ್ ಕ್ಲೌಡ್‌ಗೆ ಕಳಿಸುವ ವಿನಂತಿಗಳ) ಮಿತಿ ಮೀರಿದೆ ಎಂಬ ದೋಷ ಬರುತ್ತದೆ. ಈ ದಾರಿಯಲ್ಲಿ ಮುಂದುವರಿಯುವುದು ಸರಿಯೇ?

ಉತ್ತರ (ಮಂಗಳೂರು, ಕದ್ರಿ)

ಕಲ್ಪನೆ ಒಳ್ಳೆಯದೇ, ಹೊಸದೂ ಅಲ್ಲ. ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಮ್ ಬಹುತೇಕ ಎಲ್ಲವನ್ನೂ ಫೈಲ್ ಆಗಿಯೇ ತೋರಿಸುತ್ತಿತ್ತು. ಲಿನಕ್ಸ್‌ನ ಪ್ರೋಕ್ ಎಂಬ ಡೈರೆಕ್ಟರಿ ಇಂದಿಗೂ ಪ್ರಕ್ರಿಯೆಗಳನ್ನು (ಓಡುತ್ತಿರುವ ಪ್ರೋಗ್ರಾಮುಗಳನ್ನು) ಹಾಗೆಯೇ ತೋರಿಸುತ್ತದೆ. ಫ್ಯೂಸ್ 2005ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.14ನೇ ಆವೃತ್ತಿಗೆ ಸೇರಿದ ಮೇಲೆ ಸಾಮಾನ್ಯ ಬಳಕೆದಾರನೂ ಇಂಥದ್ದನ್ನು ಬರೆಯುವುದು ಸುಲಭವಾಯಿತು.

ತೊಡಕಿರುವುದು ಬೇರೆಡೆ. ಪ್ರೋಕ್‌ನ ಉತ್ತರ ಅದೇ ಯಂತ್ರದ ಮೆಮೊರಿಯಿಂದ ಬರುತ್ತದೆ, ನಿಮ್ಮದು ಇಂಟರ್ನೆಟ್ ದಾಟಿ ಬರಬೇಕು. ನೀವು 'ಎಲ್‌ಎಸ್ ಹೈಫನ್ ಎಲ್' ಎಂದು ಒಮ್ಮೆ ಕೊಟ್ಟರೂ ಅದು ಹದಿನಾಲ್ಕು ಡೈರೆಕ್ಟರಿಗಳಿಗೂ ಪ್ರತ್ಯೇಕವಾಗಿ ಸ್ಟ್ಯಾಟ್ (ಗಾತ್ರ, ದಿನಾಂಕ, ಅನುಮತಿಗಳಂಥ ವಿವರ) ಕೇಳುತ್ತದೆ. ಪ್ರತಿ ಸ್ಟ್ಯಾಟ್‌ಗೂ ಒಂದು ಎಪಿಐ ಕರೆ ಹೋಗುವಂತೆ ಬರೆದಿದ್ದರೆ ಮಿತಿ ಮೀರುವುದು ಸಹಜ. ಫ್ಯೂಸ್‌ನ ಲೈಬ್ರರಿಯಾದ ಲಿಬ್‌ಫ್ಯೂಸ್ ಪೂರ್ವನಿಯೋಜಿತವಾಗಿ ಈ ಮಾಹಿತಿಯನ್ನು ಇಟ್ಟುಕೊಳ್ಳುವುದು 1 ಸೆಕೆಂಡ್ ಮಾತ್ರ. ಆದ್ದರಿಂದ ಎಲ್ಲ ಮಷೀನ್‌ಗಳ ಪಟ್ಟಿಯನ್ನು ಒಂದೇ ಕರೆಯಲ್ಲಿ ತರಿಸಿ, ಅರ್ಧ ನಿಮಿಷ ನಿಮ್ಮ ಪ್ರೋಗ್ರಾಮಿನಲ್ಲೇ ಇಟ್ಟುಕೊಂಡು, ಎಲ್ಲ ಸ್ಟ್ಯಾಟ್‌ಗಳಿಗೂ ಅದರಿಂದಲೇ ಉತ್ತರಿಸಿ. ನೆಟ್‌ವರ್ಕ್ ಕರೆಗೆ ಐದು ಸೆಕೆಂಡಿನ ಟೈಮ್‌ಔಟ್ ಇಟ್ಟು, ಮೀರಿದರೆ ಇನ್‌ಪುಟ್-ಔಟ್‌ಪುಟ್ ದೋಷವನ್ನು ಹಿಂದಿರುಗಿಸಿದರೆ ಟರ್ಮಿನಲ್ ಸ್ತಬ್ಧವಾಗುವುದಿಲ್ಲ.

ಉತ್ತರ (ಮಣಿಪಾಲ)

ನನಗೆ ಆತಂಕವಾಗಿದ್ದು ಆರ್‌ಎಂಡಿಐಆರ್ ಬಗ್ಗೆ. ಇಂಥದೇ ಮೌಂಟ್‌ನೊಳಗೆ ನಿಂತು, ಬೇರೆ ಡೈರೆಕ್ಟರಿಯಲ್ಲಿದ್ದೇನೆಂದು ಭಾವಿಸಿ, ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಅಳಿಸುವ 'ಆರ್‌ಎಂ ಹೈಫನ್ ಆರ್' ಒತ್ತಿದವಳು ನಾನು. ಅದನ್ನು ನಿಲ್ಲಿಸಲು ಕಂಟ್ರೋಲ್-ಸಿ ಒತ್ತುವಷ್ಟರಲ್ಲಿ ಎರಡು ಪರೀಕ್ಷಾ ಮಷೀನ್‌ಗಳು ಹೋಗಿದ್ದವು. ಅಮೆಜಾನ್‌ನ ಕ್ಲೌಡ್ ಮಷೀನ್ ಸೇವೆಯಾದ ಇಸಿ2ನಲ್ಲಿ ಮಷೀನನ್ನು ಟರ್ಮಿನೇಟ್ ಮಾಡಿದರೆ (ಅಳಿಸಿದರೆ), ಬೇರೆ ಏರ್ಪಾಡು ಮಾಡಿರದಿದ್ದಲ್ಲಿ ಅದರ ಮೂಲ ಡಿಸ್ಕ್ ಕೂಡ ಅಳಿಯುತ್ತದೆ. ಟರ್ಮಿನೇಟ್ ಆದ ಮಷೀನನ್ನು ಮತ್ತೆ ಎಬ್ಬಿಸಲಾಗದು.

ಫೈಲ್ ಸಿಸ್ಟಮ್‌ನ ನಿಯಮವೇ ಇಲ್ಲಿ ನಿಮಗೆ ನೆರವಾಗುತ್ತದೆ. ಖಾಲಿಯಿಲ್ಲದ ಡೈರೆಕ್ಟರಿಯನ್ನು ಆರ್‌ಎಂಡಿಐಆರ್ ಅಳಿಸಬಾರದು, ಮತ್ತು ನಿಮ್ಮ ಪ್ರತಿ ಡೈರೆಕ್ಟರಿಯಲ್ಲೂ 'ಸ್ಥಿತಿ' ಫೈಲ್ ಇದ್ದೇ ಇರುತ್ತದೆ. ಆ ಫೈಲನ್ನು ಅಳಿಸಲು ಅನುಮತಿ ನಿರಾಕರಿಸಿ, ಆರ್‌ಎಂಡಿಐಆರ್‌ಗೆ 'ಖಾಲಿಯಿಲ್ಲ' ಎಂಬ ದೋಷವನ್ನೇ ಕೊಡಿ. ಇನ್ನೂ ಒಳ್ಳೆಯದೆಂದರೆ, ದಿನನಿತ್ಯದ ಮೌಂಟ್‌ಗೆ ಓದುವ ಅಧಿಕಾರವಷ್ಟೇ ಇರುವ ಎಪಿಐ ಕೀಲಿ ಕೊಡಿ. ಆಗ ನಿಮ್ಮ ಕೋಡ್ ತಪ್ಪಿದರೂ ಕ್ಲೌಡ್ ಒಪ್ಪುವುದಿಲ್ಲ. ಇತರ ಬಳಕೆದಾರರನ್ನೂ ಮೌಂಟ್‌ನೊಳಗೆ ಬಿಡುವ 'ಅಲೋ ಅದರ್' ಆಯ್ಕೆಯನ್ನೂ ಬಳಸಬೇಡಿ. ಅದಿಲ್ಲದಿದ್ದರೆ ಮೌಂಟ್ ಮಾಡಿದವರನ್ನು ಬಿಟ್ಟು ಬೇರಾರೂ, ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರ ಸಹ, ಒಳಗೆ ಬರಲಾಗದು, ರಾತ್ರಿ ಫೈಲ್‌ಗಳ ಪಟ್ಟಿ ಮಾಡುವ ಅಪ್‌ಡೇಟ್‌ಡಿಬಿಯೂ ನಿಮ್ಮ ಮಷೀನ್‌ಗಳನ್ನು ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆರ್‌ಎಂಡಿಐಆರ್ ಅನ್ನು ಈಗಲೇ ತೆಗೆದುಹಾಕಿದೆ. ಎಂಕೆಡಿಐಆರ್ ಮಾತ್ರ ಉಳಿಸಿಕೊಳ್ಳಬಹುದೇ? ಮಷೀನ್ ಪೂರ್ತಿ ಸಿದ್ಧವಾಗುವವರೆಗೆ ಅದು ಕಾಯಬೇಕೇ?

ಉತ್ತರ (ಮಂಗಳೂರು, ಕದ್ರಿ)

ಕಾಯಿಸಬೇಡಿ. ವಿನಂತಿಯನ್ನು ಕ್ಲೌಡ್ ಸ್ವೀಕರಿಸಿದ ಕೂಡಲೇ ಹಿಂದಿರುಗಿ, 'ಸ್ಥಿತಿ' ಫೈಲಿನಲ್ಲಿ 'ಸಿದ್ಧವಾಗುತ್ತಿದೆ' ಎಂದು ತೋರಿಸಿ. ಹೊಸ ಮಷೀನ್ ಕೆಲವು ಸೆಕೆಂಡು ಪಟ್ಟಿಯಲ್ಲಿ ಕಾಣದೆಯೂ ಇರಬಹುದು. ಅಷ್ಟರವರೆಗೆ ಅದರ ಹೆಸರನ್ನು ನಿಮ್ಮ ಕ್ಯಾಶ್‌ನಲ್ಲೇ (ಪ್ರೋಗ್ರಾಮಿನಲ್ಲಿ ಇಟ್ಟುಕೊಂಡ ಪಟ್ಟಿಯಲ್ಲೇ) ಇಟ್ಟಿರಿ, ಇಲ್ಲವಾದರೆ ಈಗಷ್ಟೇ ಮಾಡಿದ ಡೈರೆಕ್ಟರಿ ಮಾಯವಾದಂತೆ ಕಂಡು ನೀವು ಇನ್ನೊಂದು ಎಂಕೆಡಿಐಆರ್ ಕೊಟ್ಟು ಎರಡು ಮಷೀನ್‌ಗಳಿಗೆ ಹಣ ಕಟ್ಟಬೇಕಾಗುತ್ತದೆ.