ಬೆಲ್ಟ್ ಪಟ್ಟಿ ಬಿಲ್ಲಿನ ಹಾಗೆ ಬಾಗ್ತಾ ಇದೆ, ಚರ್ಮ ಕತ್ತರಿಸೋದು ಗೊತ್ತಿರೋರು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ, ನಾನು ಶಿರಸಿಯವ. ಅಪ್ಪ ಚಪ್ಪಲಿ ಕೆಲಸ ಮಾಡ್ತಿದ್ರು, ಅವರ ರಂಪಿಗೆ (ಚರ್ಮ ಕತ್ತರಿಸೋ ಕತ್ತಿ) ಇಟ್ಕೊಂಡೇ ನಾನು ಈಗ ಬೆಲ್ಟು, ಪರ್ಸು ಮಾಡೋಕೆ ಶುರು ಮಾಡಿದೀನಿ. ಕಾರವಾರದ ಒಂದು ಅಂಗಡಿಯಿಂದ 30 ಬೆಲ್ಟ್ ಆರ್ಡರ್ ಬಂದಿದೆ. ಎಮ್ಮೆ ಚರ್ಮ, 3.5 ಎಂಎಂ ದಪ್ಪ.

ಬೆನ್ನಿನ ಗೆರೆ ಹಿಡ್ದು ಕತ್ತರಿಸಿದ ಮೊದಲ 5 ಪಟ್ಟಿ ನೂಲು ಹಿಡ್ದಂಗೆ ನೇರ ಬಂತು ಮಾರಾಯ್ರೆ, ಆದ್ರೆ ಹೊಟ್ಟೆ ಕಡೆ ಹೋದ ಹಾಗೆ ಸ್ಕೇಲ್ ಇಟ್ಟು ಕತ್ತರಿಸಿದ್ರೂ ಮೂರ್ನಾಲ್ಕು ದಿನಕ್ಕೆ ಪಟ್ಟಿ ಬಾಗ್ತದೆ, ಎಳೆದ್ರೆ ರಬ್ಬರ್ ತರ ಜಗ್ತದೆ, ಒಳಮೈ ಕೂಡ ಸಡಿಲ, ಎಳೆ ಎದ್ದಂಗೆ ಕಾಣ್ತದೆ. ಹೊಸ ಬ್ಲೇಡ್ ಹಾಕಿ ನೋಡ್ದೆ, ಒದ್ದೆ ಮಾಡಿ ಹಲಗೆಗೆ ಕಟ್ಟಿ ಒಣಗಿಸ್ದೆ, ಬಿಚ್ಚಿದ ಮೇಲೆ ಮತ್ತೆ ಅದೇ ಕಥೆ. ಮಳೆಗಾಲದ ತಂಡಿಗೆ ಹೀಗಾಗ್ತದೆ ಅಂದ್ಕೊಂಡಿದ್ದೆ, ಆದ್ರೆ ಅದೇ ಕೋಣೆಲಿರೋ ಬೆನ್ನಿನ ಪಟ್ಟಿಗೆ ಏನೂ ಆಗ್ಲಿಲ್ಲ. ಹೊಟ್ಟೆ ಭಾಗ ಜಗ್ಗೋದು ಅದರ ಗುಣ ಅಂತ ಗೊತ್ತಿದೆ, ಆದ್ರೆ ದುಡ್ಡು ಕೊಟ್ಟು ತಂದ ಚರ್ಮ ಎಸೆಯೋಕೆ ಮನಸ್ಸು ಬರಲ್ಲ.

ನನ್ನ ಪ್ರಶ್ನೆ ಇಷ್ಟೇ: ಬೆಲ್ಟಿಗೆ ಆಗೋ ಭಾಗ ಎಲ್ಲಿಗೆ ಮುಗೀತು ಅಂತ ಕತ್ತರಿಸೋ ಮುಂಚೆನೇ ಕೈಯಲ್ಲಿ ಹೇಗೆ ಗುರುತಿಸ್ತೀರಿ, ಉಳಿದ ಹೊಟ್ಟೆ ಭಾಗದಲ್ಲಿ ನೀವು ಏನು ಮಾಡ್ತೀರಿ?